ನೀರಡಿಕೆಯೊಳಗಿನ ನೀರು

ಮೊನ್ನೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹೆಚ್ಚುವಾಗ ರಸ ಬೆರಳಿನ ಗಾಯಕ್ಕೆ ತಾಗಿ ಚುರ್ ಎಂದಿತು. ಬೆರಳನ್ನು ಬಾಯಿಗಿಟ್ಟುಕೊಂಡೆ. ಹುಳಿ ನಾಲಿಗೆಗೆ ತಾಗಿದ್ದೇ ತಡ, ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ಅವರ ಜೇಬಿನಲ್ಲಿ ಸದಾ ಒಂದು ಪುಟ್ಟ ಸ್ಟೀಲ್ ಡಬ್ಬಿ, ಅದರೊಳಗೆ ನಿಂಬೆ ಹೋಳುಗಳು. ಆ ಡಬ್ಬಿ ಈಗ ಎಲ್ಲಿದೆಯೋ...

ಅಂಕಲ್ ಧಾರವಾಡದ ಕಡೆಯವರು. ಸೇತುವೆ ಕಟ್ಟುವ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ದಿನ ಬೆಳಗ್ಗೆ ಡಯಾಲಿಸಿಸ್ ಸೆಂಟರಿಗೆ ಹೋಗುತ್ತಿದ್ದರು. ಆ ಕಾಯಿಲೆಯಲ್ಲಿ ಕುಡಿದ ನೀರಿಗೆ ಹೊರಹೋಗುವ ದಾರಿಯಿರುವುದಿಲ್ಲ. ಮೈಯಲ್ಲೇ ನಿಂತು, ಹೆಚ್ಚಾದರೆ ಶ್ವಾಸಕೋಶಕ್ಕೆ ಏರುತ್ತದೆ. ಆಂಟಿ ಬೆಳಗಾಗುತ್ತಲೇ ದಿನದ ನೀರನ್ನು ಒಂದು ಸಣ್ಣ ತಂಬಿಗೆಯಲ್ಲಿ ಅಳೆದಿಡುತ್ತಿದ್ದರು. ಅದು ಮುಗಿದರೆ ಮುಗಿಯಿತು. ಆಮೇಲೆ ಎಷ್ಟೇ ಬಾಯಿ ಒಣಗಿದರೂ ನಿಂಬೆ ಹೋಳೇ ಗತಿ. ಹ್ಯೂಸ್ಟನ್ನಿನ ಆಗಸ್ಟ್ ತಿಂಗಳಲ್ಲಿ ಅದೆಂಥ ಶಿಕ್ಷೆ ಎಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಅಂಕಲ್ ಅವರ ನೀರಿಗೆ ಲೆಕ್ಕವಿತ್ತು, ಪ್ರಶ್ನೆಗಳಿಗೆ ಇರಲಿಲ್ಲ. ಡಯಾಲಿಸಿಸ್ ಯಂತ್ರದ ಒಂದೊಂದು ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿನ ನರ್ಸುಗಳನ್ನು ಕೇಳಿ ಕೇಳಿ ಸುಸ್ತು ಮಾಡಿಸುತ್ತಿದ್ದರು. ನಾನೂ ಒಮ್ಮೆ ತಾಳ್ಮೆಗೆಟ್ಟು, "ಗೂಗಲ್ ಮಾಡಿ ಅಂಕಲ್" ಎಂದಿದ್ದೆ.

"ಗೂಗಲ್ಲಿಗೆ ನನ್ನ ಮಾರಿ ಎಲ್ಲಿ ಕಾಣತದ ತಂಗಿ? ನನಗ ತಿಳೀತೋ ಇಲ್ಲೋ ಅಂತ ಅದು ಹೆಂಗ ನೋಡತದ?" ಎಂದರು.

ಸೆಂಟರಿನಲ್ಲಿ ಅವರ ಪಕ್ಕದ ಕುರ್ಚಿ ಒಬ್ಬ ಚೀನೀ ತಾತನದು. ತಾತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಂಕಲ್‌ಗೆ ಚೀನೀ ಬರುತ್ತಿರಲಿಲ್ಲ. ಮಾತೇ ಇಲ್ಲದೆ ಅಷ್ಟು ಹೊತ್ತು ಪಕ್ಕಪಕ್ಕ ಕೂರುವುದು ಅಂಕಲ್‌ಗೆ ನೀರಿಲ್ಲದಿರುವುದಕ್ಕಿಂತ ದೊಡ್ಡ ಸಂಕಟವಾಗಿತ್ತು. ನನ್ನ ಕಂಪನಿ ಹಿಂದೊಮ್ಮೆ ನನ್ನನ್ನು ಶಾಂಘೈಗೆ ಕಳಿಸಿತ್ತು ಎಂದು ಗೊತ್ತಾದ ದಿನದಿಂದ ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರತೊಡಗಿದರು. ನನ್ನ ಚೀನೀ ಭಾಷೆಯೋ, ತರಕಾರಿ ಕೊಳ್ಳುವಷ್ಟಿತ್ತು, ಜಗಳವಾಡುವಷ್ಟು ಇರಲಿಲ್ಲ. ಹನಿಹನಿಗೂಡಿ ಹಳ್ಳ ಎಂಬಂತೆ ದಿನಕ್ಕೊಂದೆರಡು ಪದ ಹೇಳಿಕೊಡುತ್ತಿದ್ದೆ.

ಒಂದು ಸಂಜೆ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಂಡು ಬಂದರು. "ಚಿಯೂ ಝಿ ರುವೋ ಖ." ಹೋದಾಗಲೆಲ್ಲ ತಾತ ತಮ್ಮತ್ತ ಬೊಟ್ಟು ಮಾಡಿ ಅದನ್ನೇ ಹೇಳುತ್ತಾನೆ, ಅದೇನು ಎಂದು ಕೇಳಿದರು. ನನಗೆ ಪೂರ್ತಿ ತಿಳಿಯಲಿಲ್ಲ.

"ಕೊನೇದು ಮಾತ್ರ ಗೊತ್ತು ಅಂಕಲ್. ಖ ಅಂದ್ರೆ ಬಾಯಾರಿಕೆ. ಮಿಕ್ಕಿದ್ದನ್ನ ನಾಳೆ ಆಫೀಸಲ್ಲಿ ಕೇಳಿ ಹೇಳ್ತೀನಿ, ಇರಿ" ಎಂದೆ.

ಅಂಕಲ್ ಅವರ ಮುಖ ಸಪ್ಪಗಾಯಿತು. "ನೀರಡಿಕೀನ? ಇಷ್ಟು ದಿನಾ ಆಂವ ನನ್ನ ಕಡೆ ಕೈ ಮಾಡಿ ನೀರು ಕೇಳಾಕತ್ತಿದ್ದನ?" ಎಂದರು. ಪಾಠ ಬಿಟ್ಟು ಎದ್ದು ಹೋದರು. ಅವರು ಮತ್ತೊಂದು ಪ್ರಶ್ನೆ ಕೇಳದೆ ಹೋದದ್ದು ಅದೇ ಮೊದಲು. ಅವರು ಏನೋ ಮಾಡಲಿದ್ದಾರೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮರುದಿನ ಆಫೀಸಿನಲ್ಲಿ ಚೀನೀ ಸಹೋದ್ಯೋಗಿಯೊಬ್ಬಳ ಮುಂದೆ ಆ ನಾಲ್ಕು ಶಬ್ದ ಒಪ್ಪಿಸಿದೆ. ನನ್ನ ಉಚ್ಚಾರಕ್ಕೆ ಮೊದಲು ನಕ್ಕಳು. ಅದು ಅವರಲ್ಲಿ ಗಾದೆಯಂಥ ಮಾತಂತೆ. ಬಾಯಾರಿದವನು ನೀರಿಗೆ ಹಾತೊರೆಯುವ ಹಾಗೆ ತಿಳಿವಳಿಕೆಗೆ ಹಾತೊರೆಯುವವನನ್ನು ಹಾಗೆನ್ನುತ್ತಾರಂತೆ. ಒಳ್ಳೆಯ ಮಾತು, ಹೊಗಳಿಕೆ ಎಂದಳು. ಅಂಕಲ್‌ಗೆ ಹೇಳಿದರೆ ಎಷ್ಟು ಹಿಗ್ಗುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಆಂಟಿಯ ಫೋನ್ ಬಂತು.

"ತಂಗಿ, ಮನ್ಯಾಗ ಥರ್ಮಾಸ್ ಇಲ್ಲ. ನಲ್ಲಿ ಕೆಳಗ ಹಿಡದು ತುಂಬ್ಸಿಕೊಂಡು ಹೋಗ್ಯಾರ, ಸಿಂಕ್ ಎಲ್ಲಾ ಹಸಿ ಆಗೇದ. ಫೋನ್ ಎತ್ತವಲ್ರು. ಇಷ್ಟು ದಿನಾ ಕಾದದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತಲ್ಲ."

ಅಂಕಲ್ ತಾವೇ ಕುಡಿಯುತ್ತಾರೆ ಎಂಬುದು ಆಂಟಿಯ ಭಯ. ನನಗೆ ಗೊತ್ತಾಗಿಹೋಯಿತು, ಆ ನೀರು ಅವರಿಗಲ್ಲ. ನೀರು ಕೇಳಿದವನಿಗೆ ಇಲ್ಲ ಅನ್ನಬಾರದು ಎಂದು ಕಲಿತು ಬೆಳೆದ ಮನುಷ್ಯ. ಆದರೆ ಆ ತಾತನ ಎದೆಯಲ್ಲಿ ನೀರು ತುಂಬಿ ಹಿಂದಿನ ತಿಂಗಳಷ್ಟೇ ಆಂಬುಲೆನ್ಸಿನಲ್ಲಿ ಒಯ್ದಿದ್ದರು. ಅದನ್ನು ನನಗೆ ಹೇಳಿದ್ದೂ ಅಂಕಲ್ಲೇ.

ಬ್ಯಾಗ್ ಎತ್ತಿಕೊಂಡು ಓಡಿದೆ. ಫ್ರೀವೇಯಲ್ಲಿ ಮುಂದೆ ಎಲ್ಲೋ ಆಕ್ಸಿಡೆಂಟು, ಕಾರುಗಳು ಇರುವೆ ಸಾಲಿನಂತೆ ನಿಂತಿದ್ದವು. ಅಂಕಲ್ ಫೋನ್ ಎತ್ತಲಿಲ್ಲ. ಸೆಂಟರಿಗೆ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬ ದನಿ, ಆಮೇಲೆ ಸಂಗೀತ. ನಾನು ಯಾರನ್ನೂ ಬೈಯುವವಳಲ್ಲ, ಆವತ್ತು ಆ ಸಂಗೀತವನ್ನು ಅಚ್ಚ ಮೈಸೂರು ಕನ್ನಡದಲ್ಲಿ ಬೈದೆ. ಎಕ್ಸಿಟ್ ಸಿಕ್ಕಿದ್ದೇ ಕಾರನ್ನು ಸೆಂಟರಿನತ್ತ ತಿರುಗಿಸಿದೆ. ತಾತ ಇನ್ನೂ ಕುಡಿದಿರದಿರಲಿ ಎಂದು ನೆನಪಾದ ದೇವರನ್ನೆಲ್ಲ ಬೇಡಿಕೊಂಡೆ.

ಇಬ್ಬರೂ ಸೆಂಟರಿನ ಹೊರಗಿನ ಕೋಣೆಯಲ್ಲೇ ಸರದಿ ಕಾಯುತ್ತಿದ್ದರು. ಮೂಲೆಯ ಕುಂಡದ ಪಕ್ಕ, ನರ್ಸುಗಳಿಗೆ ಬೆನ್ನು ಹಾಕಿ ಕೂತಿದ್ದರು. ಥರ್ಮಾಸಿನ ಮುಚ್ಚಳದ ತುಂಬ ನೀರು. ಅದು ತಾತನ ಎರಡೂ ಕೈಗಳಲ್ಲಿತ್ತು. ತಾತ ಕುಡಿಯುತ್ತಿರಲಿಲ್ಲ, ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತಿದ್ದ. ಅವನ ಗಂಟಲು ಒಮ್ಮೆ ಏರಿ ಇಳಿಯಿತು. ಪಕ್ಕದಲ್ಲಿ ಅಂಕಲ್, ಒಣಗಿದ ತುಟಿ ನೆಕ್ಕಿಕೊಳ್ಳುತ್ತ, "ಕುಡೀರಿ, ಕುಡೀರಿ" ಎಂದು ಕನ್ನಡದಲ್ಲೇ ಪಿಸುಗುಡುತ್ತಿದ್ದರು.

ಮುಚ್ಚಳ ತುಟಿಗೆ ತಾಗುವಷ್ಟರಲ್ಲಿ ನಾನು ಅವನ ಕೈಯನ್ನೇ ಹಿಡಿದುಬಿಟ್ಟೆ.

"ಅಂಕಲ್, ಅವರು ನೀರು ಕೇಳಿಲ್ಲ. ಅದು ನಿಮ್ಮ ಬಗ್ಗೆ ಹೇಳಿರೋದು. ಕಲಿಯೋದಕ್ಕೆ ಬಾಯಾರಿದ ಮನುಷ್ಯ ಇವನು ಅಂತ."

ಅಂಕಲ್ ನನ್ನನ್ನು ನೋಡಿದರು, ತಾತನನ್ನು ನೋಡಿದರು. "ನನಗಂದನ? ಬೈದದ್ದಲ್ಲ?"

"ಅಲ್ಲ ಅಂಕಲ್. ಹೊಗಳಿದ್ದು."

ಅವರ ಕಣ್ಣು ತುಂಬಿ ಬಂತು. ಡಾಕ್ಟರುಗಳಿಂದ ಹಿಡಿದು ನನ್ನವರೆಗೆ ಎಲ್ಲರೂ ಆ ಪ್ರಶ್ನೆಗಳಿಗೆ ಬೇಸತ್ತವರೇ. ಮಾತು ತಿಳಿಯದ ಒಬ್ಬನಿಗೆ ಮಾತ್ರ ಅವು ಚೆಂದ ಕಂಡಿದ್ದವು. ತಾತ ಏನು ಅರ್ಥಮಾಡಿಕೊಂಡನೋ, ಮುಚ್ಚಳವನ್ನು ಅಂಕಲ್ ಕಡೆ ಚಾಚಿದ, ನೀನು ಕುಡಿ ಎಂಬಂತೆ. ಅಂಕಲ್ ತಲೆಯಾಡಿಸಿ ತಿರುಗಿ ಅವನತ್ತ ತಳ್ಳಿದರು. ಹೀಗೆ ಅದು ಅತ್ತಿಂದಿತ್ತ ಓಡಾಡಿತು. ಕೊನೆಗೆ ಅಂಕಲ್ ಅದನ್ನು ಕುಂಡದಲ್ಲಿದ್ದ ಗಿಡಕ್ಕೆ ಸುರಿದರು. ಗಿಡ ಪ್ಲಾಸ್ಟಿಕ್ಕಿನದು. ನೀರೆಲ್ಲ ಕೆಳಗಿಳಿದು ನೆಲದ ತುಂಬ ಹರಿಯಿತು. ಅದು ಹರಿದು ಹೋಗುವುದನ್ನು ಇಬ್ಬರೂ ನೋಡುತ್ತ ಕೂತರು.

ಅದಾದ ಮೇಲೆ ಅಂಕಲ್ ಲಿಪಿ ಕಲಿಯುವ ಹಟಕ್ಕೆ ಬಿದ್ದರು. ಬಾಯಾರಿಕೆಯ ಆ ಅಕ್ಷರವನ್ನೇ ಮೊದಲು ಬರೆದು ತೋರಿಸಿದೆ. ಎಡಗಡೆ ಮೂರು ಚುಕ್ಕೆಯಂಥ ಗೆರೆಗಳು. ಅವು ನೀರಿನ ಹನಿಗಳು ಎಂದೆ. ಅಂಕಲ್ ಅವುಗಳ ಮೇಲೆ ಬೆರಳಾಡಿಸಿದರು.

"ನಮ್ಮ ನೀರಡಿಕಿಯೊಳಗೂ ನೀರು ಅದ ನೋಡು ತಂಗಿ. ನಿಮ್ಮ ಮೈಸೂರು ಕಡೆ ಬಾಯಾರಿಕೆಯೊಳಗ ಒಂದು ಹನಿನೂ ಇಲ್ಲ" ಎಂದು ನಕ್ಕರು. ಎಷ್ಟೋ ವರ್ಷ ಆಡಿದ ಮಾತಿನೊಳಗೆ ನಾನು ಒಮ್ಮೆಯೂ ಇಣುಕಿ ನೋಡಿರಲಿಲ್ಲ.

ಮರುವರ್ಷ ಅವರ ಹೃದಯ ಸೋತಿತು. ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ... ಕೆಲವು ದಿನಗಳ ನಂತರ ಆಂಟಿ ಅವರ ಕಂಬಳಿಯನ್ನು ತರಲು ಸೆಂಟರಿಗೆ ಹೋಗಿ ಬಂದು ನನ್ನನ್ನು ಕರೆದರು.

"ಆ ಮುದುಕಪ್ಪ ಖಾಲಿ ಕುರ್ಚಿ ತೋರ್ಸಿ ಏನೋ ನಾಕು ಅಕ್ಷರ ಅಂದ. ಅಳಾಕತ್ತಿದ್ದ. ಏನಂದ ತಂಗಿ?"

ಅದೇ ಮಾತು, ಕಲಿಯಲು ನೀರಡಿಸಿದವರು ಎಂದೆ. ಆಂಟಿಯ ಎದುರಿಗೆ ಆ ಸಣ್ಣ ತಂಬಿಗೆ ಬೋರಲಾಗಿತ್ತು.

"ಹೌದವ್ವಾ, ನೀರಡಿಸಿಕೊಂಡೇ ಹೋದ್ರು. ದವಾಖಾನಿಗೆ ಹೋಗೋ ಹಿಂದಿನ ದಿನಾ ಒಂದು ಗುಟಕು ಜಾಸ್ತಿ ಕೇಳಿದ್ರು. ನಾಳಿ ಲೆಕ್ಕದಾಗ ಕೊಡತೀನಿ ಅಂದೆ ನಾನು."

ಅವರ ಕೈ ಹಿಡಿದು ಕೂತೆ. ನೀರು ಅಳೆದಿಟ್ಟ ಆ ಕೈಯೇ ಅಲ್ಲವೇ ಅಂಕಲ್ ಅವರನ್ನು ಅಷ್ಟು ದಿನ ಉಳಿಸಿದ್ದು... ಆ ಮಾತನ್ನು ಆಗ ಆಡಲಾಗಲಿಲ್ಲ. ಆಂಟಿ ಆಮೇಲೆ ಆಸ್ಟಿನ್ನಿನಲ್ಲಿರುವ ಮಗಳ ಮನೆಗೆ ಹೋದರು.

ನಾವೀಗ ಡಾಲಸ್ ಕಡೆಗೆ, ಪ್ರಾಸ್ಪರ್‌ಗೆ ಶಿಫ್ಟ್ ಆಗಿದ್ದೇವೆ. ಮಗಳು ಸ್ಕೂಲಿಂದ ಬಂದವಳೇ "ಐ ಆಮ್ ಥರ್ಸ್ಟಿ" ಎನ್ನುತ್ತಾಳೆ. "ನೀರಡಿಕೆನಾ ಪುಟ್ಟಿ?" ಎನ್ನುತ್ತೇನೆ, ನಮ್ಮ ಮನೆಯಲ್ಲಿ ಯಾರೂ ಆಡದ ಮಾತು. ದೊಡ್ಡ ಲೋಟದ ತುಂಬ ಕೊಟ್ಟರೆ ಗಟಗಟ ಕುಡಿದು, ತಳದಲ್ಲಿ ಒಂದು ಗುಟುಕು ಉಳಿಸಿ ಆಡಲು ಓಡುತ್ತಾಳೆ. ಅದನ್ನು ಸಿಂಕಿಗೆ ಚೆಲ್ಲಲು ನನಗೆ ಇವತ್ತಿಗೂ ಕೈ ಏಳುವುದಿಲ್ಲ.