ಹಿಟ್ಟಿನ ಡಬ್ಬಿಯ ಗೂಬೆ

ನಮ್ಮ ರೋಸ್ವಿತಾ ಗಾಜು ಕಾಯಿಸಿ ಊದುವ ದೀಪ ಹಚ್ಚುವ ಮೊದಲು ಅಡುಗೆಮನೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟುತ್ತಾಳೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದು ಬೀದಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕಟ್ಟಲೇಬೇಕು. ಅವಳ ಅಜ್ಜ ಅಲ್ವಿನ್ ಕಟ್ಟುತ್ತಿದ್ದ, ಅಮ್ಮ ಕಟ್ಟುತ್ತಿದ್ದಳು, ಈಗ ಇವಳು.

“ಯಾರು ನೋಡ್ತಾರೆ ಮಾರಾಯ್ತಿ?” ಎಂದರೆ, “ಕಣ್ಣಿರೋರೆಲ್ಲ ಕಳ್ರೇ ಕಣೇ ಉರ್ಸೆಲ್” ಎನ್ನುತ್ತಾಳೆ.

ಉರ್ಸೆಲ್ ಅಂದರೆ ನಾನು, ಅವಳ ಗಂಡನ ತಂಗಿ. ನನಗೂ ಕಣ್ಣಿವೆ, ಅದೇ ನನ್ನ ತಪ್ಪು. ಅವಳು ಊದಿಕೊಟ್ಟ, ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಬೊಂಬೆಗಳ ಒಳಕ್ಕೆ ಬೆಳ್ಳಿ ನೀರು ಹೊಯ್ದು, ಬಿಸಿನೀರಲ್ಲಿ ಅದ್ದಿ, ಒಳಗೆಲ್ಲ ಕನ್ನಡಿಯಾಗುವವರೆಗೆ ಅಲುಗಿಸುವುದು ನನ್ನ ಕೆಲಸ. ನನ್ನ ಬೆರಳು ಕಪ್ಪಾಗಿ ಎಷ್ಟೋ ಕಾಲವಾಯಿತು. ಆದರೂ ಬೊಂಬೆಗೆ ರೂಪ ಕೊಡುವ ಅಚ್ಚನ್ನು ಮುಟ್ಟಲು ನನಗೆ ಅಪ್ಪಣೆಯಿಲ್ಲ. ಕೆಲಸ ಮುಗಿದೊಡನೆ ಅದನ್ನು ಒರೆಸಿ, ಬಟ್ಟೆ ಸುತ್ತಿ, ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಾಳೆ. ನಮ್ಮನೆಯ ಆಲೂಗಡ್ಡೆ ಉಂಡೆಗೆ ಬೇರೆ ಡಬ್ಬಿಯ ಹಿಟ್ಟು.

ದೇಶವನ್ನು ಎರಡಾಗಿ ಸೀಳಿದ್ದ ಗೋಡೆ ಬೀಳುವವರೆಗೂ ಅವಳು ಸರ್ಕಾರಿ ಕಾರ್ಖಾನೆಯಲ್ಲಿ ಬರೀ ಗುಂಡನೆಯ ಗಾಜಿನ ಚೆಂಡು ಊದಿದವಳು. ಕಾರ್ಖಾನೆ ಮುಚ್ಚಿತು, ಮರುವರ್ಷ ನನ್ನಣ್ಣನೂ ತೀರಿಹೋದ. ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಅಟ್ಟದಿಂದ ಅಜ್ಜನ ಅಚ್ಚು ಇಳಿಸಿದಳು. ಎಡಗಿವಿ ಕೆದರಿದ ಒಂದು ಗೂಬೆಯ ಅಚ್ಚು. ಜನಕ್ಕೂ ಆಗ ಅಜ್ಜಿ ಕಾಲದ ಬೊಂಬೆಗಳದೇ ಹುಚ್ಚು. ಬೊಂಬೆ ತುಂಬುವ ಪ್ರತಿ ಡಬ್ಬಿಯ ಮೇಲೂ ಚೀಟಿ ಅಂಟಿಸಿದಳು: ಅಲ್ವಿನ್ ಕೆತ್ತಿದ ಗೂಬೆ, ಈ ಮನೆಯಲ್ಲಿ ಮಾತ್ರ. ಆ ಚೀಟಿಯೇ ಅವಳ ಅನ್ನ, ಅವಳ ಮರ್ಯಾದೆ. ಅಜ್ಜ ಇಗರ್ಜಿಯ ಗೋಪುರದಲ್ಲಿ ಗೂಬೆ ನೋಡಿ ಕೆತ್ತಿದ ಕಥೆಯನ್ನು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಾಳೆ, ಕೊಳ್ಳದವರಿಗೂ ಹೇಳುತ್ತಾಳೆ.

ಈ ಸಲ ಕ್ರಿಸ್‌ಮಸ್‌ಗೆ ಮುಂಚಿನ ಗಾಜಿನ ಚೆಂಡಿನ ಸಂತೆಯಲ್ಲಿ ಮೇಕೆಮನೆ ಗುಡ್ರುನ್‌ಳ ಅಂಗಡಿಯಲ್ಲಿ ಅದೇ ಗೂಬೆ ನೇತಾಡುತ್ತಿತ್ತು. ನಮ್ಮ ಲೌಶಾದಲ್ಲಿ ಅರ್ಧ ಊರಿಗೆ ಒಂದೇ ಮನೆತನದ ಹೆಸರು, ಅದಕ್ಕೇ ಈ ಅಡ್ಡಹೆಸರುಗಳು. ಅವರ ಮನೆಯಲ್ಲಿ ಮೇಕೆ ಸತ್ತು ಎರಡು ತಲೆಮಾರಾಯಿತು.

ರೋಸ್ವಿತಾ ಬಿಳಿಚಿಕೊಂಡಳು. ಮನೆಗೆ ಬಂದವಳು ಮೊದಲು ಹಿಡಿದದ್ದು ನನ್ನನ್ನೇ.

“ವಸಂತದಲ್ಲಿ ಆ ಗುಡ್ರುನ್ ಕಾಫಿಪುಡಿ ಕೇಳ್ಕೊಂಡು ಬಂದಿದ್ಲಲ್ಲ, ಆಗ ಒಳಗೆ ಬಿಟ್ಟೋರ್ಯಾರು?”

“ನಾನೇ. ಮಳೇಲಿ ನಿಲ್ಲಿಸ್ಬೇಕಿತ್ತಾ?”

“ಕೈ ಯಾಕೆ ನಡುಗ್ತಿದೆ ನಿಂಗೆ?”

“ಬಿಸಿನೀರಲ್ಲಿ ಅದ್ದೀ ಅದ್ದೀ ನಡುಗ್ತಿದೆ. ಸುಮ್ಸುಮ್ನೆ ನನ್ನ ಮೇಲೆ ಗೂಬೆ ಕೂರಿಸ್ಬೇಡ!”

ಅವಳು ನಗಲಿಲ್ಲ. ನನಗೆ ನಿಜಕ್ಕೂ ನೋವಾಯಿತು. ಎಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತಿದ್ದೇವೆ! ಆದರೂ ಸುಳ್ಳು ಹೇಳಲಾರೆ, ಗುಡ್ರುನ್ ಮೇಲೆ ನನಗೂ ಅನುಮಾನ ಹುಟ್ಟಿತ್ತು. ಕಾಫಿಪುಡಿಗೆಂದು ಅಷ್ಟು ದೂರ ಇಳಿದು ಬರುವವರುಂಟೇ? ಅವಳ ಪಕ್ಕದ ಮನೆಯವರೂ ಕಾಫಿ ಕುಡಿಯುತ್ತಾರೆ.

ಕಳ್ಳತನ ಹಿಡಿಯಲು ನಮ್ಮೂರಲ್ಲಿ ಪೊಲೀಸರು ಬೇಡ. ಬೇರೆಯವರ ಬೊಂಬೆ ಕೊಂಡು, ಅದರ ಮೇಲೆ ಮಣ್ಣು ಮೆತ್ತಿ ಅಚ್ಚು ತೆಗೆದರೆ, ಸುಟ್ಟಾಗ ಮಣ್ಣು ಕುಗ್ಗುತ್ತದೆ. ಹಾಗಾಗಿ ಕದ್ದ ಅಚ್ಚಿನ ಬೊಂಬೆ ಮೂಲದ ಬೊಂಬೆಗಿಂತ ಯಾವಾಗಲೂ ಚಿಕ್ಕದು. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಗೂಬೆಗಳನ್ನು ಪಕ್ಕಪಕ್ಕ ನಿಲ್ಲಿಸಿದರಾಯಿತು.

ಭಾನುವಾರ ಸಂತೆ ತುಂಬಿದ್ದಾಗಲೇ ರೋಸ್ವಿತಾ ತನ್ನ ಗೂಬೆ ಹಿಡಿದು ಹೊರಟಳು. ಮನೆಯಲ್ಲೇ ಮಾತಾಡಿಕೊಳ್ಳೋಣ ಎಂದು ನಾನು ಬೇಡಿಕೊಂಡೆ, ಕೇಳಲಿಲ್ಲ.

“ಮೇಕೆಮನೆಯವ್ಳೇ, ನಿನ್ನ ಗೂಬೆ ಇಳಿಸು. ಊರೋರೆಲ್ಲ ನೋಡ್ಲಿ, ಯಾರು ಕಳ್ರು ಅಂತ!”

ಗುಡ್ರುನ್ ಅವಳ ಮುಖವನ್ನೇ ನೋಡಿದಳು. “ಬೇಡ ರೋಸ್ವಿತಾ. ಮನೆಗೆ ಹೋಗು.”

“ಹೆದ್ರಿಕೆ ಆಯ್ತಾ?”

“ನಂಗ್ಯಾಕೆ ಹೆದ್ರಿಕೆ?”

“ಹಾಗಾದ್ರೆ ಇಳಿಸು!”

ಗುಡ್ರುನ್ ನಿಟ್ಟುಸಿರು ಬಿಟ್ಟು ಇಳಿಸಿದಳು. ಎರಡನ್ನೂ ಹಲಗೆಯ ಮೇಲೆ ನಿಲ್ಲಿಸಿದರು. ಅದೇ ಕೆದರಿದ ಎಡಗಿವಿ, ಅದೇ ಗರಿ. ಗುಡ್ರುನ್‌ಳ ಗೂಬೆ ನಮ್ಮದಕ್ಕಿಂತ ಒಂದು ಉಗುರಿನಷ್ಟು ಹೆಚ್ಚು ಎತ್ತರವಿತ್ತು.

ಸುತ್ತ ನಿಂತಿದ್ದವರೆಲ್ಲ ಗಾಜಿನ ಜನ. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರಾಗಿ ಬೇರೆ ಅಂಗಡಿಗಳತ್ತ ತಿರುಗಿದರು. ನಕ್ಕಿದ್ದರೆ ಮೇಲಿತ್ತು.

“ನಮ್ಮನೆ ಅಟ್ಟ ರಿಪೇರಿ ಮಾಡುವಾಗ ನಮ್ಮಜ್ಜಿ ಅಚ್ಚು ಸಿಕ್ತು” ಎಂದಳು ಗುಡ್ರುನ್ ಮೆಲ್ಲಗೆ. “ವಸಂತದಲ್ಲಿ ನಾನು ಬಂದಿದ್ದು ಅದನ್ನ ಹೇಳೋಕೇ. ನಿನ್ನ ಚೀಟಿ ಓದಿ ಬಾಯಿ ಬರ್ಲಿಲ್ಲ, ಕಾಫಿಪುಡಿ ಕೇಳ್ದೆ. ನಿಮ್ಮಜ್ಜ ನಮ್ಮಜ್ಜಿ ಹತ್ರ ಒಂದು ಗೂಬೆ ಕೊಂಡಿದ್ನಂತೆ. ಅಚ್ಚು ತೆಗೆಯೋಕೇ ಅಂತ ಅವಳಿಗೂ ಗೊತ್ತಿತ್ತು. ಆ ಚಳಿಗಾಲ ನಿಮ್ಮನೆ ಒಲೆ ಹೊತ್ತಿರ್ಲಿಲ್ವಂತೆ. ಅದಕ್ಕೇ ಸುಮ್ಮನಿದ್ಲು.”

ರೋಸ್ವಿತಾ ನೆಟ್ಟಗೆ ಮನೆಗೆ ಬಂದಳು. ಹಿಟ್ಟಿನ ಡಬ್ಬಿಗೆ ಕೈ ಹಾಕಿ ಅಚ್ಚು ತೆಗೆದು ನನ್ನ ಕೈಯಲ್ಲಿಟ್ಟಳು. “ಅವಳಿಗೆ ಕೊಟ್ಟು ಬಾ.” ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಇಷ್ಟೇನಾ ಅನ್ನಿಸಿತು, ಅಷ್ಟು ಹಗುರ.

ಗುಡ್ರುನ್ ತೆಗೆದುಕೊಳ್ಳಲಿಲ್ಲ. “ದೊಡ್ಡ ಮರಕ್ಕೆ ನನ್ನ ಗೂಬೆ, ಚಿಕ್ಕ ಮರಕ್ಕೆ ಅವಳ್ದು. ಆ ಚೀಟಿ ಮಾತ್ರ ಕಿತ್ತಾಕು ಅಂತ ಹೇಳು” ಎಂದು ಬಾಗಿಲು ಹಾಕಿಕೊಂಡಳು.

ನಾನು ಹಿಂತಿರುಗಿದಾಗ ರೋಸ್ವಿತಾ ಅಚ್ಚನ್ನು ಕಸಿದು ಬೆಳಕಿಗೆ ಹಿಡಿದಳು, ಅಂಚುಗಳ ಮೇಲೆ ಬೆರಳಾಡಿಸಿದಳು.

“ಇದೇ ತಾನೆ ಕೊಟ್ಟಿದ್ದು? ಬದಲಾಯಿಸಿಲ್ಲ ತಾನೆ?”

“ಅಯ್ಯೋ ನಿನ್ನ! ಅವಳು ಮುಟ್ಲೂ ಇಲ್ಲ.”

“ಸುಮ್ನೆ ಯಾಕೆ ಬಿಟ್ಲು?”

ಆಗಲೇ ಅವಳ ಕಣ್ಣು ಕಿಟಕಿಯ ಬಟ್ಟೆಯ ಮೇಲಿತ್ತು.

“ಉರ್ಸೆಲ್,” ಎಂದಳು, “ಅಜ್ಜ ಈ ಬಟ್ಟೆ ಕಟ್ತಿದ್ದದ್ದು ಯಾರೋ ಕದೀತಾರೆ ಅಂತಲ್ಲ ಕಣೇ. ಗುಡ್ರುನ್ ಅಜ್ಜಿ ಈ ದಾರೀಲೇ ಇಗರ್ಜಿಗೆ ಹೋಗ್ತಿದ್ಲು. ಅವಳು ನೋಡ್ಬಾರ್ದು ಅಂತ.”

ಆಮೇಲೆ ಕೂತು ಬೊಂಬೆ ಡಬ್ಬಿಗಳ ಚೀಟಿ ಕೀಳತೊಡಗಿದಳು. ಅಂಟು ಗಟ್ಟಿಯಾಗಿತ್ತು. ನಾನು ನೀರು ಬಿಸಿ ಮಾಡಿ ತಂದೆ.