ಭುಜಕ್ಕೊಂದು ಕಾಗದನಗರದ ಮೂಗು

ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಜಡೆ ಹಾಕಿದವರು ನಮ್ಮ ಯಜಮಾನರು. ಇದನ್ನು ಪ್ರೇಮಕಥೆ ಎಂದುಕೊಳ್ಳಬೇಡಿ. ನನ್ನ ಬಲಭುಜ ಬಿಗಿದುಕೊಂಡು, ಕೈ ಕಿವಿಯ ತನಕವೂ ಏರದೆ ನಾಲ್ಕು ತಿಂಗಳಾಗಿತ್ತು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಮನುಷ್ಯ, ನನ್ನ ಕೂದಲನ್ನೂ ಬೋಲ್ಟಿನ ಹಾಗೇ ತಿರುಗಿಸಿ ಬಿಗಿ ಮಾಡುತ್ತಿದ್ದರು. "ಸ್ವಲ್ಪ ಸಡಿಲ ಬಿಡ್ರೀ, ಹುಬ್ಬು ಮೇಲೆ ಹೋಗ್ತಿದೆ" ಅಂದರೆ, "ಸಡಿಲ ಬಿಟ್ರೆ ಸಂಜೆವರೆಗೆ ನಿಲ್ಲಲ್ಲ ಮಾರಾಯ್ತಿ" ಎಂಬ ಉತ್ತರ.

ಭುಜಕ್ಕೆ ವ್ಯಾಯಾಮ ಬೇಕು, ಕೈ ಎತ್ತಿದರೆ ಪ್ರಾಣ ಹೋಗುತ್ತದೆ. ನೋವಿಗೆ ಹೆದರಿ ಎತ್ತದಿದ್ದರೆ ಇನ್ನಷ್ಟು ಬಿಗಿಯುತ್ತದೆ ಎಂದು ದುರ್ಗಿಗುಡಿಯ ನಮ್ಮ ಮನೆ ಹತ್ತಿರದ ಡಾಕ್ಟರಮ್ಮ ಎಚ್ಚರಿಸಿ, ವ್ಯಾಯಾಮದ ಜೊತೆಗೆ ಸಮ್ಮೋಹನ ಮಾಡಿ ನೋಡೋಣವೇ ಎಂದರು. ನನಗೆ ಗೊತ್ತಿದ್ದ ಹಿಪ್ನಾಟಿಸಂ ಒಂದೇ: ಶಾಲೆಗೆ ಬಂದಿದ್ದ ಜಾದೂಗಾರನೊಬ್ಬ ನಮ್ಮ ಡ್ರಿಲ್ ಮೇಷ್ಟರಿಗೆ ಹಸಿ ಈರುಳ್ಳಿಯನ್ನು ಸೇಬು ಎಂದು ತಿನ್ನಿಸಿದ್ದ. ಅಂಥ ಸ್ಥಿತಿಯಲ್ಲಿ ನಾನು, ಕಾಫಿಪುಡಿಗೆ ಎಷ್ಟು ಚಿಕೋರಿ ಬೆರೆಸುತ್ತೇನೆಂಬ ಗುಟ್ಟನ್ನು ಬಾಯಿಬಿಟ್ಟರೆ?

ಹಾಗೇನೂ ಆಗಲಿಲ್ಲ. ಕಣ್ಣು ಮುಚ್ಚಿಸಿ, ಉಸಿರು ನಿಧಾನ ಮಾಡಿಸಿ, "ಸಮುದ್ರದ ದಡದಲ್ಲಿದ್ದೀರಿ" ಎಂದರು. ನಾನು ಸಮುದ್ರ ನೋಡಿದ್ದು ಒಂದೇ ಸಲ, ಘಾಟಿಯುದ್ದಕ್ಕೂ ವಾಂತಿ ಮಾಡಿಕೊಂಡು ಹೋಗಿ. ಕಣ್ಣು ಬಿಟ್ಟು ಅದನ್ನೇ ಅವರಿಗೆ ಹೇಳಿದೆ.

"ಹಾಗಾದ್ರೆ ನಿಮಗೆ ಹಾಯೆನಿಸೋ ಜಾಗ ಯಾವುದಮ್ಮ?"

"ಕಾಗದನಗರ" ಎಂದುಬಿಟ್ಟೆ.

ಭದ್ರಾವತಿಯ ಆ ಕ್ವಾರ್ಟರ್ಸಿನಲ್ಲೇ ನಾನು ಬೆಳೆದದ್ದು. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದರು; ಅದರ ವಾಸನೆ ಕ್ವಾರ್ಟರ್ಸಿನ ತುಂಬ ಹರಡಿರುತ್ತಿತ್ತು. ಬಂದ ನೆಂಟರು ಬಸ್ಸಿಳಿದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ನಾತದಲ್ಲಿ ಹೆಂಗೆ ಇರ್ತೀರಾ?" ಎನ್ನುತ್ತಿದ್ದರು. ಅಮ್ಮ ನಿಜವಾಗಿಯೂ ಗಾಬರಿಯಾಗಿ, "ಯಾವ ನಾತ?" ಎಂದು ಒಲೆಯ ಮೇಲಿನ ಹಾಲಿನ ಕಡೆ ಓಡುತ್ತಿದ್ದಳು.

ಡಾಕ್ಟರಮ್ಮನಿಗೆ ಇದು ಬಹಳ ಹಿಡಿಸಿತು. "ನೋವಿನ ಕಥೆ ಪೂರ್ತಿ ಇದೇ ಅಲ್ಲ, ಆದ್ರೆ ಹತ್ತಿರದ್ದೇ. ವಾಸನೆ ಮೂಗಿಗೆ ಬರ್ತಾನೇ ಇತ್ತು, ಮಿದುಳು ಅದನ್ನ ಲೆಕ್ಕಕ್ಕೆ ಇಟ್ಕೊಳ್ತಿರಲಿಲ್ಲ. ಭುಜದಿಂದ ನೋವಿನ ಸುದ್ದಿ ಹೋಗೋದು ಹೋಗುತ್ತೆ. ಅದಕ್ಕೆ ಎಷ್ಟು ಗಲಾಟೆ ಮಾಡಬೇಕು ಅನ್ನೋದು ಮಿದುಳಿನ ಕೈಲಿದೆ. ಸಮ್ಮೋಹನದಲ್ಲಿ ಅದು ಸ್ವಲ್ಪ ನಮ್ಮ ಮಾತು ಕೇಳುತ್ತೆ." ಎಲ್ಲರ ಮಿದುಳೂ ಒಂದೇ ಸಮ ಕೇಳುವುದಿಲ್ಲವಂತೆ. ನನ್ನದು ಕೇಳಿತು. ಮದುವೆಯಾದಾಗಿನಿಂದ ಅದಕ್ಕೆ ಅಭ್ಯಾಸವಿದೆ.

ಅಂದಿನಿಂದ ವ್ಯಾಯಾಮದ ಹೊತ್ತಿಗೆ ಕಣ್ಣು ಮುಚ್ಚಿ, ಆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಅಮ್ಮನ ಜೊತೆ ಬಟ್ಟೆ ಒಣಗಹಾಕತೊಡಗಿದೆ. ತಂತಿ ಎತ್ತರದಲ್ಲಿ, ಕೈ ಎತ್ತಲೇಬೇಕು. ನೋವು ಬಂತು, ಆ ನೆಂಟರ ಹಾಗೆ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿತು. "ಯಾವ ನೋವು?" ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಆದರೂ ವಾರಕ್ಕೊಂದು ಬೆರಳಿನಷ್ಟು ಕೈ ಮೇಲೇರಿತು.

ಒಂದು ಬೆಳಿಗ್ಗೆ, ಸಾರಿಗೆ ಏನು ಹಾಕಲಿ ಎಂಬ ಯೋಚನೆಯಲ್ಲಿ ತಿರುಗಿದರೆ ಯಜಮಾನರು ಬಾಚಣಿಗೆ ಹುಡುಕುತ್ತಿದ್ದಾರೆ. ಅದು ನನ್ನ ಕೈಯಲ್ಲಿತ್ತು. ಜಡೆ ಬೆನ್ನ ಮೇಲಿತ್ತು. ಅವರು ಜಡೆ ಎತ್ತಿ ನೋಡಿ, "ಸೊಟ್ಟ ಹೆಣೆದಿದ್ದೀಯಲ್ಲೇ" ಎಂದರು.

ಅದೇ ಸೊಟ್ಟ ಜಡೆಯನ್ನು ಡಾಕ್ಟರಮ್ಮನಿಗೆ ತೋರಿಸಿ, ಕೈ ಎತ್ತಿಯೇ ಮುಗಿದು ಬಂದೆ. ಹಬ್ಬದ ದಿನ ಮಾತ್ರ ಈಗಲೂ ಬಾಚಣಿಗೆಯನ್ನು ಯಜಮಾನರ ಕೈಗೆ ಕೊಟ್ಟು ಕೂರುತ್ತೇನೆ. ಹುಬ್ಬು ಮೇಲೆ ಹೋದರೆ ಹೋಗಲಿ. ಆ ನೋವಿಗೆ ಸಮ್ಮೋಹನ ಬೇಕಿಲ್ಲ.