ಒಳಗೆ ಎಳೆದ ಗೆರೆ

ಗಿರೀಶ್, ವಸುಧಾಳ ಮೆದುಳಿನ ಗೆಡ್ಡೆ ಬೆಳೆದಿದ್ದು ನನಗೆ ಕಂಡಿತ್ತು. ಕಂಡೂ ಗೆರೆಯನ್ನು ಒಳಗೆ ಎಳೆದೆ.

ಹ್ಯೂಸ್ಟನ್ನಿನ ಲ್ಯಾಬಿನಲ್ಲಿ ಆಗ ನನ್ನ ಕೆಲಸವೇ ಅದು. ಎಂಆರ್‌ಐ ಚಿತ್ರಗಳಲ್ಲಿ ಗೆಡ್ಡೆಯ ಸುತ್ತ, ಪದರ ಪದರವಾಗಿ, ಮೌಸ್ ಹಿಡಿದು ಗೆರೆ ಎಳೆಯುವುದು. ಗೆರೆಯೊಳಗಿನದನ್ನು ಕಂಪ್ಯೂಟರ್ ಕೂಡಿಸಿ ಗಾತ್ರ ಹೇಳುತ್ತಿತ್ತು. ಅದನ್ನು ನೋಡಿ ಡಾಕ್ಟರು ಮುಂದಿನ ದಾರಿ ನಿರ್ಧರಿಸುತ್ತಿದ್ದರು. ಹಿಂದಿನ ಸಲದ ಗೆರೆಯನ್ನು ನೋಡಬಾರದು, ಪರಿಚಯದವರದಾದರೆ ಬೇರೆಯವರಿಗೆ ಕೊಡಬೇಕು — ಇವು ನಿಯಮ.

ವಸುಧಾಳ ಚಿತ್ರ ಹೆಸರು ಅಳಿಸಿಯೇ ಬಂದಿತ್ತು. ಆದರೆ ಹಳೆಯ ಆಪರೇಷನ್ನಿನ ಆ ಗುಂಡಿ ನನಗೆ ಗೊತ್ತು. ಹಿಂದಿನ ಸಲದ ಫಿಲ್ಮನ್ನು ನಮ್ಮ ಅಡುಗೆಮನೆಯ ಕಿಟಕಿಗೆ ಹಿಡಿದು ವಸುಧಾಳೇ ತೋರಿಸಿದ್ದಳು. ಸ್ಕ್ಯಾನಿಗೆಂದು ನಿಮ್ಮೂರು ಫ್ಲೂಗರ್‌ವಿಲ್‌ನಿಂದ ಬಂದಾಗಲೆಲ್ಲ ನೀವಿಬ್ಬರೂ ಉಳಿಯುತ್ತಿದ್ದುದು ನಮ್ಮಲ್ಲೇ ಅಲ್ಲವೇ. ಆ ಸ್ಕ್ಯಾನಿನ ದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಅಂದಿದ್ದಳು: "ಬೆಳೆದಿಲ್ಲ ಅಂದ್ಬಿಟ್ರೆ ಸಾಕು ಕಣೇ ವನಜಾ. ಮತ್ತೆ ತಲೆ ಕುಯ್ಸಿಕೊಳ್ಳೋಕೆ ನನ್ ಕೈಲಾಗಲ್ಲ. ಈಗಷ್ಟೇ ಕೂದ್ಲು ಬಂದಿದೆ — ಇವ್ರು ಬಾಯ್ಸ್ ಕಟ್ ಅಂತ ರೇಗಿಸ್ತಾರೆ, ನೋಡು."

ಕಾವಲಿಯ ಮೇಲೆ ದೋಸೆಯ ಅಂಚು ತೆಳ್ಳಗಾಗುತ್ತದಲ್ಲ, ಹಾಗೆ ಗೆಡ್ಡೆಯಾಚೆ ಮಸುಕು ಬಿಳುಪು ಹರಡಿತ್ತು. ಅದು ಬರೀ ಊತವಿರಬಹುದು ಅಂದುಕೊಂಡೆ... ಇಲ್ಲ, ಅಂದುಕೊಳ್ಳಲು ಬಯಸಿದೆ. ಹಳೆಯ ಗೆರೆ ತೆರೆದು, ಪಕ್ಕದಲ್ಲಿಟ್ಟು, ಅದರಂತೆಯೇ ಎಳೆದೆ. ಯಾರಿಗೂ ಹೇಳಲಿಲ್ಲ.

ನೀವು ಫೋನ್ ಮಾಡಿದಿರಿ. "ಅಕ್ಕಾರ, ಬೆಳೆದಿಲ್ಲಂತ್ರಿ! ಇವತ್ತು ಪಾಯಸ ಮಾಡ್ರಿ." ಮಾಡಿದೆ. ವಸುಧಾ ಎರಡು ಸಲ ಹಾಕಿಸಿಕೊಂಡಳು.

ಮುಂದಿನ ಸ್ಕ್ಯಾನಿಗೆ ಅಳತೆಯೇ ಬೇಕಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಗೆಡ್ಡೆ ವೇಗವಾಗಿ ಬೆಳೆಯುವ ಕೆಟ್ಟ ದರ್ಜೆಗೆ ತಿರುಗಿದೆ ಎಂದರು ಡಾಕ್ಟರು. ಕಾರಿಡಾರಿನಲ್ಲಿ ನೀವು ನನ್ನ ಕೈ ಹಿಡಿದು, "ನಿಮ್ಮಂಥವರು ಇಷ್ಟು ನಿಗಾ ಇಟ್ಟು ಅಳೆದರೂ ಹಿಂಗಾತಲ್ರಿ" ಅಂದಿರಿ. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು — ಗೆರೆಗಿಂತ ದೊಡ್ಡ ಸುಳ್ಳು ಅದೇ.

ಮೊದಲೇ ಆಪರೇಷನ್ ಆಗಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ, ತಿಳಿಯದು. ತಿಳಿಯದು ಎಂಬುದರ ಮರೆಯಲ್ಲೇ ಇಷ್ಟು ವರ್ಷ ಕೂತಿದ್ದೆ. ಆದರೆ ಆ ತೀರ್ಮಾನ ಅವಳದು, ನಿಮ್ಮದು. ಅದನ್ನು ನಿಮ್ಮಿಬ್ಬರಿಂದ ಕಸಿದವಳು ನಾನು.

ಇವತ್ತು ಲ್ಯಾಬಿನ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಆ ಹಳೆಯ ಚಿತ್ರವನ್ನು ಬೇರೊಬ್ಬರಿಂದ ಮತ್ತೆ ಅಳೆಸುತ್ತಾರಂತೆ. ನಿಜವಾದ ಗಾತ್ರ ನಿಮಗೆ ತಿಳಿಯುತ್ತದೆ. ಅದಕ್ಕೆ ಮೊದಲು, ಹೀಗೆ ಬರೆದರಷ್ಟೇ ಸಾಲದು, ನನ್ನ ಬಾಯಿಂದಲೇ ಹೇಳಬೇಕು. ನಾಳೆ ಫ್ಲೂಗರ್‌ವಿಲ್‌ಗೆ ಬರುತ್ತಿದ್ದೇನೆ. ನೀವು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳುತ್ತೇನೆ.